ಕೈ ಹಾಕಿದವರು ಕೂಗಬೇಕು

ನಮ್ಮ ಮನೆಯಲ್ಲಿ ಸಾರು ಚೆನ್ನಾಗಿದೆ ಅಂದವರಿಗೆ ಎರಡನೇ ಸಲ ಬಡಿಸುತ್ತಿರಲಿಲ್ಲ. ಇದು ಅಪ್ಪ ಮಾಡಿದ ಕಾನೂನು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಮುಗಿಸಿಕೊಂಡು ಅವನು ಮನೆಗೆ ಬರುವ ಹೊತ್ತಿಗೆ ನಾವೂ ಸ್ಕೂಲಿನಿಂದ ಊಟಕ್ಕೆ ಓಡಿ ಬಂದಿರುತ್ತಿದ್ದೆವು. ಹಿತ್ತಲ ತೊಟ್ಟಿಯಲ್ಲಿ ಕೈಕಾಲು ತೊಳೆದು ಅಪ್ಪ ಅಡುಗೆಮನೆಯ ಹೊಸಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಅವನ ಎಡಕ್ಕೆ ನಾನು, ನನ್ನ ಪಕ್ಕಕ್ಕೆ ತಮ್ಮ ಮಂಜು. ಅಮ್ಮ ಮೂವರಿಗೂ ಮುದ್ದೆ ಇಟ್ಟು, ಸಾರು ಬಿಟ್ಟು, ಸೌಟು ಹಿಡಿದುಕೊಂಡು ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಮೊದಲ ಮುದ್ದೆ ಮುಗಿಯುವವರೆಗೆ ಮಾತಿಲ್ಲ. ಮುಗಿದ ಮೇಲೆ ಅಪ್ಪ ತಟ್ಟೆಯಿಂದ ತಲೆಯೆತ್ತದೆ ಮೊದಲು ನನ್ನನ್ನು ಕೇಳುತ್ತಿದ್ದ.

“ಸುಜಾತ, ಏನ್ ಕುಂದು?”

ಒಂದು ಕುಂದು ಹೇಳಿದರೆ ಮಾತ್ರ ಇನ್ನೊಂದು ಮುದ್ದೆ. ಉಪ್ಪು ಜಾಸ್ತಿ, ಖಾರ ಕಮ್ಮಿ ಎಂಬ ಮಾತುಗಳು ನಡೆಯುತ್ತಿರಲಿಲ್ಲ. ಅಷ್ಟು ಬೀದಿ ನಾಯಿಗೂ ಗೊತ್ತಾಗ್ತದೆ ಅನ್ನುತ್ತಿದ್ದ. ಎಣ್ಣೆ ಕಾಯುವ ಮೊದಲೇ ಸಾಸಿವೆ ಹಾಕಿದ್ದಾಳೆ, ಅರ್ಧ ಸಿಡಿದಿಲ್ಲ ಎನ್ನಬೇಕು. ಅವರೆಕಾಳು ಇವತ್ತಿನದಲ್ಲ, ನೆನ್ನೆ ಸುಲಿದದ್ದು ಎನ್ನಬೇಕು. ನನಗೆ ಹತ್ತು ವರ್ಷ ತುಂಬುವ ಹೊತ್ತಿಗೆ ಈ ವಿದ್ಯೆ ಎಷ್ಟು ಕೈವಶವಾಗಿತ್ತೆಂದರೆ ತುತ್ತು ಬಾಯಿಗೆ ಹೋಗುವ ಮೊದಲೇ ಮೂಗಿನಲ್ಲೇ ಕುಂದು ಹಿಡಿಯುತ್ತಿದ್ದೆ. ಮಂಜು ಪಾಪದ ಹುಡುಗ. ಅವನಿಗೆ ಅಮ್ಮನ ಕೈಯ ಅಡುಗೆಯಲ್ಲಿ ಏನೂ ತಪ್ಪು ಕಾಣುತ್ತಿರಲಿಲ್ಲ. ಎಷ್ಟೋ ಮಧ್ಯಾಹ್ನ ಅರೆಹೊಟ್ಟೆಯಲ್ಲಿ ಎದ್ದು ಹೋಗುತ್ತಿದ್ದ, ಅವನಿಗೆಂದು ಅಮ್ಮ ಆಮೇಲೆ ಹಿತ್ತಲಲ್ಲಿ ಒಂದು ಬೆಲ್ಲದಚ್ಚು ಕೊಡುತ್ತಿದ್ದಳು. ಇಷ್ಟರ ನಡುವೆ ಅಮ್ಮ ಪ್ರತಿದಿನ, ಎರಡು ಹೊತ್ತು, ತಾನು ಮಾಡಿದ ಅಡುಗೆಯ ಕುಂದುಗಳನ್ನು ತನ್ನ ಮಕ್ಕಳ ಬಾಯಿಂದ ನಿಂತುಕೊಂಡು ಕೇಳುತ್ತಿದ್ದಳು. ಆಗ ಅವಳ ಮುಖ ಹೇಗಿರುತ್ತಿತ್ತೆಂದು ನನಗೆ ಗೊತ್ತಿಲ್ಲ. ನಾನು ನೋಡುತ್ತಿದ್ದುದು ತಟ್ಟೆಯನ್ನು.

ಅಪ್ಪ ರೀಲರ್. ರೈತರು ಬೆಳೆದ ರೇಷ್ಮೆಗೂಡನ್ನು ಕೊಂಡು ತಂದು, ಬೇಯಿಸಿ, ನೂಲು ಬಿಚ್ಚಿ ಮಾರುವವನು. ಮನೆಯ ಹಿಂದೆ ತಗಡು ಹೊದಿಸಿದ ಶೆಡ್ಡಿನಲ್ಲಿ ಎರಡು ಚರಕ, ಚರಕದ ಮುಂದೆ ಒಂದೊಂದು ಬಾಣಲೆ, ಬಾಣಲೆಯ ಕೆಳಗೆ ಒಲೆ. ಒಂದು ಬಾಣಲೆಯ ಮುಂದೆ ಕೂಲಿಯ ಹೆಂಗಸು, ಇನ್ನೊಂದರ ಮುಂದೆ ಅಮ್ಮ. ಕುದಿಯುವ ನೀರಿನಲ್ಲಿ ಕುಣಿಯುವ ಗೂಡುಗಳಿಗೆ ಬೆರಳು ಹಾಕಿ ಕಣ್ಣಿಗೆ ಕಾಣದ ಎಳೆಯನ್ನು ಹುಡುಕಿ ತೆಗೆಯುವುದು ಅವಳ ಕೆಲಸ. ಅವಳ ಬೆರಳ ತುದಿಗಳು ವರ್ಷವಿಡೀ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಗೂಡಿನೊಳಗೆ ಬೆಂದ ಹುಳದ ವಾಸನೆ ನಮ್ಮ ಬಟ್ಟೆಗೆ, ಪುಸ್ತಕಕ್ಕೆ, ದೇವರ ಮನೆಯ ಕರ್ಪೂರಕ್ಕೂ ಹತ್ತಿತ್ತು. ಆಫೀಸರುಗಳ ಮಕ್ಕಳು ಕ್ಲಾಸಿನಲ್ಲಿ ನನ್ನ ಪಕ್ಕ ಕೂರುವಾಗ ಸ್ವಲ್ಪ ಜರುಗಿಯೇ ಕೂರುತ್ತಿದ್ದರು. ನಾನು ಅವರನ್ನು ಬಿಡುತ್ತಿರಲಿಲ್ಲ. ಅವರ ಬರವಣಿಗೆ, ಅವರ ಚಿತ್ರ, ಅವರ ಹಾಡು, ಎಲ್ಲದಕ್ಕೂ ಒಂದು ಕುಂದು ನನ್ನ ಬಳಿ ಸಿದ್ಧವಿರುತ್ತಿತ್ತು.

ಮಂಜು ಇನ್ನೂ ಚಿಕ್ಕವನು ಎಂದು ಅಪ್ಪ ರಜದ ದಿನಗಳಲ್ಲಿ ನನ್ನನ್ನು ಮಾರುಕಟ್ಟೆಗೆ ಕರೆದೊಯ್ಯುತ್ತಿದ್ದ. ಅಲ್ಲಿ ಹೆಣ್ಣುಮಕ್ಕಳೆಂದರೆ ನಾನೊಬ್ಬಳೇ. ರೈತರು ತಂತಮ್ಮ ಗೂಡನ್ನು ಉದ್ದನೆಯ ತಟ್ಟೆಗಳಲ್ಲಿ ಸುರಿದು ಪಕ್ಕದಲ್ಲಿ ನಿಂತಿರುತ್ತಿದ್ದರು. ಹರಾಜು ಕೂಗುವ ಹೊತ್ತಿಗೆ ಮುಂಚೆ ರೀಲರುಗಳು ಒಂದು ಸುತ್ತು ಹಾಕುತ್ತಾರೆ. ಆ ಸುತ್ತಿನಲ್ಲಿ ನಾನು ಅಪ್ಪನ ಇನ್ನೊಂದು ಮುಖ ಕಂಡೆ. ಕೆಲವು ರಾಶಿಗಳ ಮುಂದೆ ಅವನು ಕೈ ಹಿಂದೆ ಕಟ್ಟಿಕೊಂಡು ನಿಂತು, ಬಾಯಿ ತುಂಬ ನಕ್ಕು, “ಚೆನ್ನಾಗೈತೆ ಕಣಪ್ಪ, ಚೆನ್ನಾಗ್ ಬೆಳ್ದಿದ್ದೀಯ” ಎನ್ನುತ್ತಿದ್ದ. ಚಿಂತಾಮಣಿ ಕಡೆಯ ತೆಲುಗಿನವರಾದರೆ “ಬಾಗುಂದಯ್ಯಾ, ಚಾಲಾ ಬಾಗುಂದಿ”. ಹಾಗೆ ಹೇಳಿದ ರಾಶಿಯನ್ನು ಅವನು ಒಂದು ದಿನವೂ ಕೊಳ್ಳಲಿಲ್ಲ. ಇನ್ನು ಕೆಲವು ರಾಶಿಗಳ ಮುಂದೆ ಮುಖ ಗಂಟಿಕ್ಕಿ, ಮೊಣಕೈವರೆಗೆ ಕೈ ಹಾಕಿ, ತಳದ ಗೂಡನ್ನು ಮೇಲಕ್ಕೆ ತಂದು, ಕಿವಿಯ ಹತ್ತಿರ ಅಲುಗಾಡಿಸಿ, ರೈತನಿಗೆ ಬೈಗುಳದಂತೆಯೇ ಕೇಳುವ ಮಾತುಗಳನ್ನಾಡುತ್ತಿದ್ದ. ಇದು ತೆಳು, ಇದು ಕರೆ ಹಿಡಿದಿದೆ, ಇದು ಡಬಲ್ಲು, ಒಂದರೊಳಗೆ ಎರಡು ಹುಳ ಕಟ್ಟಿವೆ, ಎಳೆ ಬಿಚ್ಚೋದೇ ಇಲ್ಲ. ಬೈದು ಮುಗಿಸಿ, ಹರಾಜಿನಲ್ಲಿ ಅದನ್ನೇ ಕೂಗಿ ತರುತ್ತಿದ್ದ.

ಹತ್ತೋ ಹನ್ನೊಂದೋ ವರ್ಷದವಳಿದ್ದಾಗ ಒಂದು ಬೆಳಿಗ್ಗೆ ಅಪ್ಪ ಯಾರೊಂದಿಗೋ ಮಾತಿಗೆ ನಿಂತಿದ್ದ. ಪಕ್ಕದ ತಟ್ಟೆಯ ಮುಂದೆ ಜಂಗಮಕೋಟೆ ಕಡೆಯ ರೈತನೊಬ್ಬ ಹೆಂಡತಿಯ ಜೊತೆ ನಿಂತಿದ್ದ. ಆಕೆಯ ಸೊಂಟದಲ್ಲಿ ಕೂಸು. ನಾನು ದೊಡ್ಡವರ ಹಾಗೆ ಅವರ ರಾಶಿಗೆ ಮೊಣಕೈವರೆಗೆ ಕೈ ಹಾಕಿ, ಒಂದು ಹಿಡಿ ತೆಗೆದು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

“ಮೇಲ್ ಮಾತ್ರ ಒಳ್ಳೇದ್ ಹಾಕವ್ರೆ. ತಳದಲ್ಲೆಲ್ಲಾ ತೆಳುಗೂಡು. ಹತ್ತರಲ್ಲಿ ಮೂರು ಕರೆ.”

ಸುತ್ತ ಇದ್ದವರು ನಕ್ಕರು. ನನಗೆ ಆ ನಗುವಿನಿಂದ ಮೈ ಉಬ್ಬಿತು. ಇನ್ನೂ ನಾಲ್ಕು ತೆಗೆದು ತೋರಿಸಿದೆ. ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಆದರೆ ಆ ರಾಶಿಯ ಕಡೆಗೆ ಬರುತ್ತಿದ್ದ ಇಬ್ಬರು ರೀಲರುಗಳು ಅಲ್ಲೇ ತಿರುಗಿ ಬೇರೆ ಕಡೆ ಹೋದರು. ರೈತ ಚೆದುರಿದ ಗೂಡನ್ನು ಮತ್ತೆ ರಾಶಿಗೆ ಸರಿಸಿದ. ಆಕೆ ಕೂಸನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು. ನಮ್ಮ ಬೀದಿಯ ಹಿರಿಯ ರೀಲರ್ ಬಾಬಾಜಾನ್ ಸಾಬರು ಇದನ್ನೆಲ್ಲ ನೋಡುತ್ತ ನಿಂತಿದ್ದವರು ಅಪ್ಪನ ಹೆಗಲ ಮೇಲೆ ಕೈ ಇಟ್ಟರು.

“ರವಣಪ್ಪ, ಮಗಳು ಕೈ ಹಾಕವ್ಳೆ. ಈಗ ನೀನೇ ಕೂಗ್ಬೇಕು.”

ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ, ನಮ್ಮ ಬೀದಿಯ ಹಳೆಯ ರೀಲರುಗಳು ತಮ್ಮ ತಮ್ಮಲ್ಲಿ ಇಟ್ಟುಕೊಂಡಿದ್ದ ಮರ್ಯಾದೆ. ಇನ್ನೊಬ್ಬರ ರಾಶಿಗೆ ಕೈ ಹಾಕಿ, ಬಾಯಿಬಿಟ್ಟು ಕುಂದು ಹೇಳಿದವನು ಹರಾಜಿನಲ್ಲಿ ಒಂದು ಬೆಲೆ ಕೂಗಲೇಬೇಕು. ಕಡಿಮೆ ಕೂಗಲಿ, ರೈತ ಒಪ್ಪದೆ ಇರಲಿ, ಆದರೆ ಕೂಗದೆ ಹೋಗುವಂತಿಲ್ಲ. ತನಗೆ ಬೇಡದ ಮಾಲನ್ನು ನಾಲ್ಕು ಜನರ ಮುಂದೆ ಕೆದಕಿ ಕೆಡಿಸಿ ಹೋಗುವವನನ್ನು ಅವರು ಪಕ್ಕದಲ್ಲಿ ಕೂರಿಸಿಕೊಂಡು ಟೀ ಕುಡಿಯುತ್ತಿರಲಿಲ್ಲ. ಅಪ್ಪ ನನ್ನನ್ನು ಒಂದು ಸಲ ನೋಡಿದ. ಆಮೇಲೆ ಹರಾಜಿನಲ್ಲಿ ಆ ರಾಶಿಗೆ ಅವನೊಬ್ಬನೇ ಕೂಗಿದ. ಅವನ ದನಿಗೆ ಎದುರು ದನಿ ಇರಲಿಲ್ಲ, ಬೇಕಾಗಿದ್ದರೆ ಮೂರು ಕಾಸಿಗೆ ಕೇಳಬಹುದಿತ್ತು. ಕೇಳಲಿಲ್ಲ. ಒಳ್ಳೆಯ ಗೂಡಿಗೆ ಕೂಗುವ ಬೆಲೆಯನ್ನೇ ಕೂಗಿದ. ಮನೆಗೆ ಬಂದು ಮೂಟೆಯನ್ನು ನನ್ನ ಕಾಲ ಬುಡಕ್ಕೆ ಎಸೆದ.

“ನಿನ್ ಮಾತು ತಗೊಂಡ್ ಬಂದಿದ್ದೀನಿ. ಆರಿಸು.”

ಒಂದು ವಾರ ಸ್ಕೂಲಿನಿಂದ ಬಂದು ಕತ್ತಲಾಗುವವರೆಗೆ ಆ ಗೂಡನ್ನು ಒಂದೊಂದಾಗಿ ಆರಿಸಿದೆ. ನಿಜವಾದ ಶಿಕ್ಷೆ ಬಿದ್ದದ್ದು ಅಮ್ಮನಿಗೆ. ತೆಳುಗೂಡಿನ ಎಳೆ ಹತ್ತು ಸುತ್ತಿಗೊಮ್ಮೆ ಕಡಿಯುತ್ತದೆ. ಕಡಿದಾಗೆಲ್ಲ ಮತ್ತೆ ಸುಡುವ ನೀರಿಗೆ ಬೆರಳು. ವಾರದ ಕೊನೆಗೆ ಅವಳ ಎರಡು ಬೆರಳುಗಳ ಚರ್ಮ ಸುಲಿದು ಬಂದಿತ್ತು. ಅವಳು ನನ್ನನ್ನು ಬೈಯಲಿಲ್ಲ. ಬೆರಳಿಗೆ ಹರಳೆಣ್ಣೆ ಹಚ್ಚಿಕೊಳ್ಳುತ್ತ ಹೇಳಿದಳು.

“ನಿನ್ ಕಣ್ಣು ಸರಿಯಾಗೈತೆ ಕಣಮ್ಮ. ಗೂಡು ನಿಜವಾಗ್ಲೂ ಕೆಟ್ಟದು.”

ಎಂಥ ಮೂರ್ಖಳು ನಾನು! ಆ ವಾರದಿಂದ ನಾನು ಹೊತ್ತುಕೊಂಡು ಬಂದದ್ದು ಈ ಮಾತೊಂದನ್ನೇ. ನನ್ನ ಕಣ್ಣು ಸರಿಯಾಗಿದೆ. ಉಳಿದರ್ಧ, ಬಾಬಾಜಾನ್ ಸಾಬರು ಹೇಳಿದ್ದು, ಅಪ್ಪ ಕೂಗಿದ್ದು, ಅದು ಗಂಡಸರ ವ್ಯಾಪಾರದ ಗೊಡವೆ ಎಂದು ಅಲ್ಲೇ ಬಿಟ್ಟೆ.

ಎರಡು ವರ್ಷದ ಮೇಲೆ ಸ್ಕೂಲಿನಲ್ಲಿ ‘ನಮ್ಮ ಊರು’ ಎಂಬ ಪ್ರಬಂಧಕ್ಕೆ ನನಗೆ ಮೊದಲ ಬಹುಮಾನ ಬಂತು. ಊಟದ ಹೊತ್ತಿಗೆ ಅಪ್ಪನಿಗೆ ಓದಿ ಹೇಳಿದೆ. ನಾಲ್ಕನೇ ಕ್ಲಾಸಿಗೆ ಓದು ಬಿಟ್ಟ ಮನುಷ್ಯ, ಆದರೆ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಗಟ್ಟಿಯಾಗಿ ಓದುತ್ತಿದ್ದವನು. ಕಣ್ಣು ಮುಚ್ಚಿಕೊಂಡು ಕೇಳಿದ. ಬೆಟ್ಟ, ಕೆರೆ, ಹಿಪ್ಪುನೇರಳೆ ತೋಟ, ಬೆಳಗಿನ ಸೂರ್ಯ ಎಲ್ಲ ಮುಗಿದ ಮೇಲೆ ಕಣ್ಣು ಬಿಟ್ಟ.

“ಈ ಊರಲ್ಲಿ ವಾಸ್ನೆ ಇಲ್ವೇನೇ? ಇಷ್ಟುದ್ದ ಬರ್ದಿದ್ದೀಯ, ಒಂದ್ ಕಡೆನೂ ಮೂಗ್ ಮುಚ್ಕೊಂಡಿಲ್ಲ. ಯಾರ್ದೋ ಊರು ಇದು. ನಮ್ದಲ್ಲ. ಬಹುಮಾನ ಕೊಟ್ಟೋರ್ಗೂ ಮೂಗಿಲ್ಲ.”

ಹೀಗೆ ಹೇಳಿ ಆ ಹಾಳೆಗಳನ್ನು ನಾಲ್ಕು ಮಡಿಕೆ ಮಾಡಿ ತಟ್ಟೆಯ ಕೆಳಗೆ ಇಟ್ಟ, ತಟ್ಟೆ ಅಲ್ಲಾಡದ ಹಾಗೆ. ನಾನು ಅಳುತ್ತ ಎದ್ದೆ. “ಎಲ್ಲಿಗ್ ಹೋಗ್ತೀಯ, ಇನ್ನೊಂದ್ಸಲ ಬರ್ಕೊಂಡ್ ಬಾ, ಕೇಳ್ತೀನಿ” ಎಂದ. ಬರೆದೆ. ಮತ್ತೆ ಕುಂದು. ಮತ್ತೆ ಬರೆದೆ. ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಅವನು ಮುದ್ದೆ ತಣ್ಣಗಾಗಲು ಬಿಟ್ಟು ಕೇಳಿದ. ನನಗೆ ಆಗ ಉರಿದದ್ದು ಮಾತಿನ ಏಟಷ್ಟೇ. ಮುದ್ದೆ ತಣ್ಣಗಾದದ್ದು ಈಗ, ಈ ವಯಸ್ಸಿನಲ್ಲಿ, ಇದನ್ನು ಬರೆಯುವಾಗ ಕಾಣುತ್ತಿದೆ. ಅಮ್ಮನ ಸಾರಿಗೆ ಸಾವಿರ ಕುಂದು ಹೇಳಿಸುತ್ತಿದ್ದ ಆ ಮನುಷ್ಯ, ಹೇಳಿಸಿದ ಮೇಲೆ ಮೂರು ಸಲ ಹಾಕಿಸಿಕೊಂಡು, ಪಾತ್ರೆಯ ತಳ ಕಾಣುವವರೆಗೆ ಉಣ್ಣುತ್ತಿದ್ದ ಎಂಬುದೂ ಹಾಗೆಯೇ. ಅವನದು ಕ್ರೌರ್ಯ ಅಲ್ಲ ಎಂದು ನಾನು ಹೇಳುತ್ತಿಲ್ಲ. ಕ್ರೌರ್ಯವೇ. ಹೆಂಡತಿಯನ್ನು ಗೋಡೆಗೆ ನಿಲ್ಲಿಸಿ ಮಕ್ಕಳಿಂದ ಹೊಡೆಸುವುದಕ್ಕೆ ಬೇರೆ ಹೆಸರಿಲ್ಲ. ಆದರೆ ಅವನು ಕೈ ಹಾಕಿದ ಯಾವುದನ್ನೂ ಕೊಳ್ಳದೆ ಬಿಟ್ಟವನಲ್ಲ. ನಾನು ಅವನಿಗಿಂತ ಕಡೆಯಾದೆ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಬೇಸಿಗೆ ರಜದ ಒಂದು ಮಧ್ಯಾಹ್ನ, ಅಪ್ಪ ನೂಲು ಮಾರಲು ಹೋಗಿದ್ದ. ಮಂಜು ಆಡಲು ಹೋಗಿದ್ದ. ಅಮ್ಮ ಕೈಗಳನ್ನು ಸೀರೆಗೆ ಮೂರು ಸಲ ಒರೆಸಿಕೊಂಡು, ಅಕ್ಕಿ ಡಬ್ಬದ ಹಿಂದಿನಿಂದ ನನ್ನದೇ ಹಳೆಯ ನೋಟ್‌ಬುಕ್ಕೊಂದನ್ನು ತೆಗೆದಳು. ನಾನು ಬರೆಯದೆ ಬಿಟ್ಟ ಹಾಳೆಗಳಲ್ಲಿ ಅವಳು ಬರೆದಿದ್ದಳು. ಮದುವೆಗೆ ಮುಂಚೆ ಚಿಂತಾಮಣಿಯಲ್ಲಿ ಅವಳು ಎಸ್ಸೆಸ್ಸೆಲ್ಸಿವರೆಗೆ ಓದಿದ್ದಳು ಎಂಬುದು ನನಗೆ ಗೊತ್ತಿತ್ತು. ಬರೆಯುತ್ತಾಳೆ ಎಂಬುದು ಗೊತ್ತಿರಲಿಲ್ಲ.

“ಒಂದು ಕತೆ ಕಣಮ್ಮ. ವಾರಪತ್ರಿಕೆಯಲ್ಲಿ ಹೆಂಗಸ್ರಿಗೆ ಸ್ಪರ್ಧೆ ಅಂತ ಹಾಕವ್ರೆ. ಸೋಮವಾರ ಪೋಸ್ಟ್ ಮಾಡಿದ್ರೆ ಮುಟ್ತದೆ. ನಿನ್ ಕಣ್ಣು ಸರಿ ಐತಲ್ಲ, ನೋಡಿ ಹೇಳು. ಕಳ್ಸ್ಲಾ ಬೇಡ್ವಾ, ಅಷ್ಟೇ.”

“ಅಪ್ಪನ್ಗೆ ಗೊತ್ತಾ?”

“ಬೇಡ. ನೀನ್ ಹೇಳು ಸಾಕು.”

ಕೆಂಪು ಪೆನ್ಸಿಲ್ ತರಲು ನಾನು ಒಳಗೆ ಓಡಿದೆ. ಎಂಥ ಸಂಭ್ರಮ ನನಗೆ!

ಕತೆಯಲ್ಲಿ ಪುಟ್ಟಕ್ಕ ಎಂಬ ಹೆಂಗಸು. ನಮ್ಮಂಥದ್ದೇ ಶೆಡ್ಡಿನಲ್ಲಿ ಬಾಣಲೆಯ ಮುಂದೆ ಕೂರುವವಳು. ಒಂದು ದಿನ ಅವಳು ಬೇಯಿಸುವ ಮೊದಲೇ ಒಂದೇ ಒಂದು ಗೂಡನ್ನು ಕದ್ದು ಎಲೆಅಡಿಕೆ ಚೀಲದಲ್ಲಿ ಹಾಕಿಕೊಂಡು ಹೋಗುತ್ತಾಳೆ. ಮನೆಯಲ್ಲಿ ಸಾಸಿವೆ ಡಬ್ಬಿಯಲ್ಲಿ ಇಡುತ್ತಾಳೆ. ಪ್ರತಿದಿನ ಸಾಸಿವೆ ತೆಗೆಯುವಾಗ ಅದನ್ನು ನೋಡುತ್ತಾಳೆ. ಒಂದು ಬೆಳಿಗ್ಗೆ ಗೂಡು ತೂತಾಗಿ ಚಿಟ್ಟೆ ಹೊರಗೆ ಬಂದಿರುತ್ತದೆ. ನೂಲು ಬಿಚ್ಚುವವರ ಮನೆಯಲ್ಲಿ ಚಿಟ್ಟೆ ಎಂದರೆ ನಷ್ಟ. ತೂತು ಬಿದ್ದ ಗೂಡಿನಿಂದ ಎಳೆ ಬರುವುದಿಲ್ಲ. ಸಾವಿರಾರು ಗೂಡು ಬೇಯಿಸಿದ ಪುಟ್ಟಕ್ಕ ಮೊದಲ ಸಲ ಒಂದು ಚಿಟ್ಟೆಯನ್ನು ನೋಡುತ್ತ ಕೂರುತ್ತಾಳೆ. ಇಷ್ಟು ನನಗೆ ನೆನಪಿದೆ.

ಅಮ್ಮ ಗೋಡೆಗೆ ಒರಗಿ ನಿಂತಿದ್ದಳು, ಕೈಯಲ್ಲಿ ಸೌಟಿರಲಿಲ್ಲ ಅಷ್ಟೇ. ನಾನು ಪುಟಪುಟಕ್ಕೂ ಕೆಂಪು ಗೆರೆ ಎಳೆದೆ. ಪಕ್ಕದಲ್ಲಿ ನಂಬರು ಹಾಕಿದೆ. ಏಳು ಕುಂದು ಸಿಕ್ಕವು. ಏಳನ್ನೂ ಅಪ್ಪನ ದನಿಯಲ್ಲಿ ಹೇಳಿದೆ. ಪುಟ್ಟಕ್ಕ, ಪುಟ್ಟಕ್ಕ ಎಂದು ಒಂದೇ ಪುಟದಲ್ಲಿ ಎಂಟು ಸಲ ಇದೆ. ಅವಳು ನಾಲ್ಕು ಸಲ ಅಳುತ್ತಾಳೆ, ಅಷ್ಟು ಅತ್ತರೆ ಓದುವವರಿಗೆ ಏನು ಉಳಿಯಿತು? ಅವಳ ಗಂಡ ನಡುವೆ ಬಂದು ನಡುವೆ ಹೋಗುತ್ತಾನೆ, ಇದು ಡಬಲ್ ಗೂಡು, ಎಳೆ ಬಿಚ್ಚುವುದಿಲ್ಲ. ಚಿಟ್ಟೆ ಹಾರಿ ಕಿಟಕಿಗೆ ಹೋಯಿತಂತೆ. ರೇಷ್ಮೆ ಚಿಟ್ಟೆ ಹಾರುವುದಿಲ್ಲ, ರೀಲರ್ ಹೆಂಡತಿಯಾಗಿ ಇದೂ ಗೊತ್ತಿಲ್ಲವೇ? ಹೀಗೆ. ಅಮ್ಮ ಒಂದೊಂದಕ್ಕೂ ತಲೆಯಾಡಿಸಿದಳು. ಏಳನೆಯದನ್ನು ನಾನು ಕೊನೆಗೆಂದು ಉಳಿಸಿಕೊಂಡಿದ್ದೆ.

“ಅವ್ಳು ಆ ಗೂಡ್ನ ಯಾಕ್ ಕದ್ಲು ಅಂತ ಎಲ್ಲೂ ಬರ್ದೇ ಇಲ್ಲ.”

“ಅದನ್ನ ಹೇಳ್ಬೇಕಾ?”

“ಹೇಳ್ಬೇಕು. ಇಲ್ದಿದ್ರೆ ಕತೆಯೇ ಅಲ್ಲ ಇದು.”

ಅಮ್ಮ ನೋಟ್‌ಬುಕ್ಕಿನ ಕೆಂಪು ಗೆರೆಗಳನ್ನು ನೋಡಿದಳು. ಆಮೇಲೆ ಕೇಳಿದಳು.

“ಆಮೇಲೆ?”

“ಆಮೇಲೆ ಏನು? ಅಷ್ಟೇ.”

“ಅಲ್ಲ... ಆಮೇಲೇನು ಅಂತ.”

ಅವಳು ಕಾಯುತ್ತಿದ್ದಳು. ಇಪ್ಪತ್ತು ವರ್ಷ ರೀಲರನ ಮನೆಯಲ್ಲಿ ಬಾಳಿದವಳು. ಕೈ ಹಾಕಿ ಕುಂದು ಹೇಳಿದವರು ಆಮೇಲೆ ಏನು ಮಾಡಬೇಕೆಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಒಂದು ಮಾತು ಕೂಗಿದ್ದರೆ ಸಾಕಾಗಿತ್ತು. ಇದನ್ನು ತಿದ್ದೋಣ ಬಾ, ಸೋಮವಾರದವರೆಗೆ ಹೊತ್ತಿದೆ ಎಂದಿದ್ದರೆ, ಆ ಸಾಸಿವೆ ಡಬ್ಬಿ ನನಗೆ ಇಷ್ಟವಾಯಿತು ಎಂದಿದ್ದರೆ. ಇಷ್ಟವಾಗಿತ್ತು. ದೇವರಾಣೆ ಇಷ್ಟವಾಗಿತ್ತು. ಆದರೆ ಇಷ್ಟವಾದದ್ದನ್ನು ಹೇಳಿದರೆ ನನ್ನ ಕಣ್ಣಿನ ಬೆಲೆ ಇಳಿದೀತು ಎಂದು ನನಗಿತ್ತು. ನೋಟ್‌ಬುಕ್ಕನ್ನು ಅವಳ ಕಡೆ ತಳ್ಳಿದೆ.

“ಕಳಿಸ್ಬೇಡಮ್ಮ. ನಗ್ತಾರೆ.”

“ಸರಿ ಕಣಮ್ಮ” ಎಂದಳು. ನೋಟ್‌ಬುಕ್ ಎತ್ತಿಕೊಂಡು ಒಳಗೆ ಹೋದಳು. ಆ ಸಾಯಂಕಾಲದ ಸಾರಿನಲ್ಲಿ ನನಗೆ ಒಂದೂ ಕುಂದು ಸಿಗಲಿಲ್ಲ, ಆದರೂ ಒಂದು ಕಟ್ಟಿ ಹೇಳಿದೆ.

ಬೆಳಿಗ್ಗೆ ಬಾಣಲೆಯ ಒಲೆ ಹೊತ್ತಿಸುವುದು ನನ್ನ ಕೆಲಸ. ಹಿಪ್ಪುನೇರಳೆ ಕಡ್ಡಿಯ ಬುಟ್ಟಿಯ ಮೇಲೆ ಹೊತ್ತಿಸಲು ಕಾಗದ ಇಟ್ಟಿರುವುದು ಅಮ್ಮನ ಪದ್ಧತಿ. ಎರಡು ದಿನ ಕಾಗದವನ್ನು ಉಂಡೆ ಮಾಡಿ, ಬೆಂಕಿ ಕಡ್ಡಿ ಗೀರಿ, ನಿದ್ದೆಗಣ್ಣಲ್ಲೇ ಒಲೆಗೆ ತುರುಕಿದೆ. ಮೂರನೇ ದಿನ ಉಂಡೆಯ ಮೇಲೆ ಕೆಂಪು ನಂಬರು ಕಂಡಿತು. ಆರು. ಬಿಡಿಸಿ ನೋಡಿದೆ. ಅಮ್ಮನ ಕತೆಯ ಕೊನೆಯ ಹಾಳೆ, ಒಂದೇ ಉಳಿದಿತ್ತು. ಅಮ್ಮ ಆಚೆ ಬಾವಿಯ ಹತ್ತಿರ ನೀರು ಸೇದುತ್ತಿದ್ದಳು, ರಾಟೆಯ ಸದ್ದು ಕೇಳುತ್ತಿತ್ತು. ಆ ಹಾಳೆಯನ್ನು ಮಡಿಸಿ ಲಂಗದ ಜೇಬಿಗೆ ಹಾಕಿಕೊಳ್ಳಬಹುದಿತ್ತು. ಓಡಿಹೋಗಿ ಕಾಲು ಹಿಡಿಯಬಹುದಿತ್ತು. ನನಗೆ ಬಂದದ್ದು ಸಿಟ್ಟು. ನಾನು ಹೇಳಿದ್ದು ನಿಜ ತಾನೇ, ನಿಜ ಹೇಳಿದ್ದಕ್ಕೆ ಹೀಗೆ ನನ್ನ ಕೈಯಿಂದಲೇ ಸುಡಿಸುತ್ತಾಳಲ್ಲ ಎಂಬ ಸಿಟ್ಟು. ಓದಲಿಲ್ಲ. ಒಲೆಗೆ ಹಾಕಿದೆ. ಅವತ್ತು ಬಾಣಲೆ ಬೇಗ ಕಾಯಿತು.

ಅಮ್ಮ ಮತ್ತೆ ಬರೆಯಲಿಲ್ಲ. ನಾನು ಬರೆದೆ. ಬಿ.ಎ. ಮುಗಿಸಿ, ಬಿ.ಎಡ್. ಮಾಡಿ, ಗೌರಿಬಿದನೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರಾದೆ. ಪತ್ರಿಕೆಗಳಲ್ಲಿ ಪುಸ್ತಕ ವಿಮರ್ಶೆ ಬರೆಯುತ್ತ ಕತ್ತಿ ನಾಲಿಗೆಯವಳೆಂದು ಹೆಸರು ಮಾಡಿದೆ. ಹೊಸಬರು ಹಸ್ತಪ್ರತಿ ತಂದು ಕೊಟ್ಟರೆ ನಂಬರು ಹಾಕಿ ಕೊಡುತ್ತಿದ್ದೆ. ನಗರಗೆರೆಯಿಂದ ಬರುತ್ತಿದ್ದ ಒಬ್ಬ ಹುಡುಗಿ ತನ್ನ ಪದ್ಯಗಳ ಪುಸ್ತಕವನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೋದಳು, ವಾಪಸು ಕೇಳಲು ಬರಲೇ ಇಲ್ಲ. ನಾನು ಅವಳನ್ನು ಅಂಜುಬುರುಕಿ ಎಂದುಕೊಂಡೆ. ಹೀಗೇ ಇರುತ್ತ ನನ್ನ ಮೊದಲ ಕಥಾಸಂಕಲನ ಅಚ್ಚಾಯಿತು. ಹನ್ನೊಂದು ಕತೆಗಳು. ಮೊದಲನೆಯ ಕತೆ ಯಾವುದೆಂದು ಹೇಳಲು ನಾನು ಇಷ್ಟು ಪುಟ ಸುತ್ತಿ ಬರಬೇಕಾಯಿತು. ನೂಲು ಬಿಚ್ಚುವ ಒಬ್ಬ ಹೆಂಗಸು ಒಂದು ಗೂಡನ್ನು ಕದ್ದು ಸಾಸಿವೆ ಡಬ್ಬಿಯಲ್ಲಿ ಇಡುತ್ತಾಳೆ.

ಏಳೂ ಕುಂದುಗಳು ನನಗೆ ಬಾಯಿಪಾಠವಿದ್ದವು. ಏಳನ್ನೂ ತಿದ್ದಿ ಬರೆದಿದ್ದೆ. ಹೆಂಗಸು ಒಂದು ಸಲವೂ ಅಳುವುದಿಲ್ಲ. ಗಂಡನನ್ನು ತೆಗೆದು ಹಾಕಿದ್ದೆ. ಚಿಟ್ಟೆ ಹಾರುವುದಿಲ್ಲ, ತೆವಳುತ್ತದೆ. ಅವಳು ಯಾಕೆ ಕದ್ದಳು ಎಂದು ಒಂದು ಪೂರ್ತಿ ಪ್ಯಾರಾ ಇತ್ತು. ಮಕ್ಕಳಿಲ್ಲದವಳು ಎಂದು ಮಾಡಿದ್ದೆ. ಕೊನೆ ಮಾತ್ರ ನನ್ನದೇ ಕಟ್ಟಿದ್ದು. ಏಕೆಂದರೆ ಅಮ್ಮನ ಕತೆ ಹೇಗೆ ಮುಗಿಯುತ್ತಿತ್ತೆಂದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಓದಿದ್ದೆ ನಿಜ. ಓದುವಾಗ ಕುಂದು ಹುಡುಕುತ್ತಿದ್ದೆ.

ಪುಸ್ತಕದ ಎರಡು ಪ್ರತಿ ಹಿಡಿದುಕೊಂಡು ದಸರಾ ರಜಕ್ಕೆ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಊರಿಗೆ ಹೋದೆ. ಅಮ್ಮನಿಗೆ ಕೊಡುವಾಗ ಏನೋ ಒಂದು ಹೇಳಬೇಕೆಂದುಕೊಂಡಿದ್ದೆ. ದಾರಿಯುದ್ದ ಮಾತು ಜೋಡಿಸಿಕೊಂಡಿದ್ದೆ. ಅವಳು ಬಾಣಲೆಯ ಮುಂದಿನಿಂದ ಎದ್ದು, ಕೈಗಳನ್ನು ಸೀರೆಗೆ ಮೂರು ಸಲ ಒರೆಸಿಕೊಂಡು, ಎರಡೂ ಕೈಯಲ್ಲಿ ಪುಸ್ತಕ ತೆಗೆದುಕೊಂಡಳು. ಜೋಡಿಸಿಕೊಂಡ ಮಾತು ಬಿಟ್ಟು ನಾನು ಬ್ಯಾಗು ಇಳಿಸಲು ಒಳಗೆ ಹೋದೆ.

ಅಪ್ಪ ಒಂದು ಪ್ರತಿ, ಅಮ್ಮ ಒಂದು ಪ್ರತಿ, ಮೂರು ದಿನ ಓದಿದರು. ನಾಲ್ಕನೇ ದಿನ ಮಧ್ಯಾಹ್ನ ಊಟಕ್ಕೆ ಕೂತೆವು. ಮಂಜು ಅಷ್ಟು ಹೊತ್ತಿಗೆ ಚಿಂತಾಮಣಿಯಲ್ಲಿ ಅಂಗಡಿ ಇಟ್ಟಿದ್ದ, ಇರಲಿಲ್ಲ. ಹುರುಳಿಕಾಳಿನ ಸಾರು. ಅಪ್ಪ ಹೊಸಿಲಿಗೆ ಬೆನ್ನು ಕೊಟ್ಟು, ತೊಡೆಯ ಮೇಲೆ ನನ್ನ ಪುಸ್ತಕ ಇಟ್ಟುಕೊಂಡು, ಮೊದಲ ಮುದ್ದೆ ಮುಗಿಸಿ ಶುರು ಮಾಡಿದ. ಹನ್ನೊಂದರಲ್ಲಿ ನಾಲ್ಕು ತೆಳುಗೂಡು, ಪುಸ್ತಕ ದಪ್ಪ ಮಾಡೋಕೆ ಹಾಕಿದ್ದೀಯ. ಎರಡು ಬೇರೆ ಯಾರನ್ನೋ ಓದಿಕೊಂಡು ಬರೆದದ್ದು. ಪೇಟೆಯ ಹೆಂಗಸರು ಮಾತಾಡುವುದು ನಿನಗೆ ಬರುವುದಿಲ್ಲ. ನಾನು ಎಲ್ಲಕ್ಕೂ ತಲೆಯಾಡಿಸಿದೆ. ಆಮೇಲೆ ಪುಸ್ತಕದ ಮೊದಲ ಪುಟಗಳನ್ನು ತಿರುವಿದ.

“ಈ ಮೊದಲ್ನೇದು. ಗೂಡು ಕದಿಯೋ ಹೆಂಗ್ಸಿಂದು. ಎಲ್ಲಾದ್ರಲ್ಲೂ ಇದೇ ಗಟ್ಟಿ ಮಾಲು. ಆದ್ರೆ ಅವ್ಳು ಯಾಕ್ ಕದ್ಲು ಅಂತ ಉದ್ದಕ್ಕೆ ಹೇಳ್ಬಿಟ್ಟಿದ್ದೀಯಲ್ಲ, ಅದು ಬೇಡಾಗಿತ್ತು ಕಣೇ. ಅದನ್ನ ಹೇಳ್ಬಾರ್ದು. ಹೇಳಿ ಕತೇನ ಕೊಂದಾಕಿದ್ದೀಯ.”

ಅಪ್ಪನಿಗೆ ಏನೂ ಗೊತ್ತಿರಲಿಲ್ಲ. ಅಮ್ಮ ಸೌಟು ಹಿಡಿದು ಗೋಡೆಗೆ ಒರಗಿ ನಿಂತಿದ್ದಳು. ಆ ಮನೆಯಲ್ಲಿ ಅಷ್ಟು ವರ್ಷ ಉಂಡ ಮೇಲೆ ಮೊದಲ ಸಲ ನಾನು ತಟ್ಟೆ ಬಿಟ್ಟು ಅವಳ ಮುಖ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಅಪ್ಪನ ತಟ್ಟೆ ಖಾಲಿಯಾಗಿದೆಯೇ ಎಂದು ನೋಡುತ್ತಿದ್ದಳು.

“ಹತ್ತು ಪುಸ್ತಕ ತರ್ಸು” ಎಂದ ಅಪ್ಪ. “ಬಾಬಾಜಾನ್‌ಗೊಂದು ಕೊಡ್ಬೇಕು. ಮಾರ್ಕೆಟ್ನಲ್ಲಿ ಕನ್ನಡ ಓದೋರು ಇನ್ನೂ ಅವ್ರೆ. ಏನೇ, ನೀನೂ ಓದಿದ್ಯಲ್ಲ, ನೀನೇನಂತೀಯ?”

ಅಡುಗೆಮನೆಯ ಆ ಗೋಡೆಯ ಕಡೆಗೆ ಅಂಥ ಪ್ರಶ್ನೆ ಹೋದದ್ದು ಅದೇ ಮೊದಲು. ಅಮ್ಮ ಸೌಟನ್ನು ಸಾರಿನ ಪಾತ್ರೆಗೆ ಇಟ್ಟಳು.

“ಚೆನ್ನಾಗೈತೆ” ಎಂದಳು.

ಅಪ್ಪ ನಕ್ಕು ಇನ್ನೊಂದು ಮುದ್ದೆ ಹಾಕಿಸಿಕೊಂಡು, ಪಾತ್ರೆಯ ತಳ ಕಾಣಿಸಿ, ಕೈ ತೊಳೆಯಲು ಎದ್ದು ಹೋದ. ನಾನು ಅಲ್ಲೇ ಕೂತೆ. ಅಮ್ಮ ಎದುರಿಗೆ ತಟ್ಟೆ ಹಾಕಿಕೊಂಡು ಉಣ್ಣಲು ಕೂತಳು. ಅವಳು ಒಂದು ತುತ್ತು ನುಂಗುವವರೆಗೆ ಕಾದು ಕೇಳಿದೆ.

“ಅಮ್ಮ, ಒಂದು ಕುಂದಾದ್ರೂ ಹೇಳಮ್ಮ.”

“ಏನೂ ಇಲ್ಲ ಕಣಮ್ಮ. ಎಲ್ಲಾ ಚೆನ್ನಾಗೈತೆ.”

“ಆ ಮೊದಲ್ನೇ ಕತೇಲಿ? ಕೊನೇಲಿ? ನೀನ್ ಬರ್ದಿದ್ದು ಹೆಂಗ್ ಮುಗಿತಿತ್ತಮ್ಮ?”

“ನಾನೆಲ್ಲಿ ಬರ್ದೆ?” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ಕೊಳ್ಳದ ರಾಶಿಯ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಂತ ಅಪ್ಪನ ದನಿ ಇತ್ತು. ಅವಳ ತಟ್ಟೆಯಲ್ಲಿ ಸಾರು ಮುಗಿದಿತ್ತು. ನನಗೆ ಇನ್ನೇನೂ ತೋಚದೆ ಸೌಟಿನಲ್ಲಿ ತಳದ ಸಾರನ್ನು ಬಳಿದು ಅವಳಿಗೆ ಬಡಿಸಲು ಹೋದೆ. ಅವಳು ಬಿಳಿಚಿದ ಬೆರಳುಗಳನ್ನು ತಟ್ಟೆಯ ಮೇಲೆ ಅಡ್ಡ ಹಿಡಿದಳು.

“ಬೇಡಮ್ಮ. ಚೆನ್ನಾಗೈತೆ ಅಂದೋರ್ಗೆ ನಮ್ಮನೇಲಿ ಎರಡ್ನೇ ಸಲ ಇಲ್ವಲ್ಲ.”

ತಟ್ಟೆ ಎತ್ತಿಕೊಂಡು ಎದ್ದಳು. ಸೌಟು ನನ್ನ ಕೈಯಲ್ಲೇ ಇತ್ತು.